ಗಾದೆಯ ಮಾತು, ಗದ್ದೆಯ ಲೆಕ್ಕ



ಎಸ್ಸೆಸ್ಸೆಲ್ಸಿ ಕನ್ನಡ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆ ನಿಮಗೆಲ್ಲ ನೆನಪಿರಬೇಕು: ಕೊಟ್ಟಿರುವ ಗಾದೆಗಳಲ್ಲಿ ಯಾವುದಾದರೂ ಒಂದನ್ನು ವಿಸ್ತರಿಸಿ ಬರೆಯಿರಿ. ಉತ್ತರದ ಮೊದಲ ವಾಕ್ಯವನ್ನು ಮಕ್ಕಳು ಮನೆಯಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಆಮೇಲೆ ಗಾದೆಯ ಅರ್ಥ, ಒಂದು ಉದಾಹರಣೆ, ಕೊನೆಗೆ ಹಿರಿಯರ ಅನುಭವಕ್ಕೊಂದು ನಮಸ್ಕಾರ. ಅಂಕ ಬರುತ್ತದೆ. ಈ ಗಾದೆ ಎಲ್ಲೆಲ್ಲಿ ಹೊಂದುವುದಿಲ್ಲ ಬರೆಯಿರಿ ಎಂದು ಕೇಳಿದ ಪ್ರಶ್ನೆಪತ್ರಿಕೆಯನ್ನು ಮಾತ್ರ ನಾನು ಕಂಡಿಲ್ಲ. ಕೇಳಿದ್ದರೆ ಮಕ್ಕಳು ನಮಗಿಂತ ಚೆನ್ನಾಗಿಯೇ ಬರೆಯುತ್ತಿದ್ದರೇನೋ. ಮನೆಯಲ್ಲಿ ದೊಡ್ಡವರು ಎತ್ತುವ ಗಾದೆಗಳೆಲ್ಲ ಬಂದು ಬೀಳುವುದು ಆ ವಯಸ್ಸಿನವರ ತಲೆಯ ಮೇಲೆಯೇ ಅಲ್ಲವೇ?

ಗಾದೆಗಳ ಮೇಲೆ ನನಗೆ ಸಿಟ್ಟಿಲ್ಲ. ಕಿಟೆಲ್ ಅವರು 1894ರಲ್ಲಿ ಹೊರತಂದ ನಿಘಂಟಿನಲ್ಲಿ ಪದದ ಅರ್ಥದ ಬೆನ್ನಿಗೇ ಗಾದೆಗಳೂ ಬರುತ್ತವೆ. ಒಂದು ಪದ ನೋಡಲು ಪುಟ ತೆರೆದವರು ಗಾದೆ ಓದುತ್ತ ಅಲ್ಲೇ ಕೂತುಬಿಡುವುದುಂಟು. ಅಷ್ಟು ಚಂದದ ಮಾತುಗಳು. ನನ್ನ ತಕರಾರು ಬೇರೆ. ಗಾದೆ ಎನ್ನುವುದು ಆಗಿಹೋದದ್ದನ್ನು ಕಂಡವರು ಆಡಿದ ಮಾತು. ಇನ್ನೂ ಆಗದೇ ಇರುವುದನ್ನು ತೀರ್ಮಾನಿಸಲು ಅದನ್ನೇ ಪಂಚಾಯ್ತಿಗೆ ಕೂರಿಸಿದರೆ ಅದಕ್ಕೆ ಆ ಯೋಗ್ಯತೆ ಇಲ್ಲ.

‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಮಾತು ಕಿವಿಗೆ ಬೀಳುವುದು ಯಾವಾಗ, ಯೋಚಿಸಿ ನೋಡಿ. ಚೀಟಿ ನಡೆಸುತ್ತಿದ್ದವನು ರಾತ್ರೋರಾತ್ರಿ ಊರು ಬಿಟ್ಟ ಮೇಲೆ. ಚೀಟಿ ಕಟ್ಟುವ ಮೊದಲೇ ಯಾರಾದರೂ ಈ ಮಾತು ಹೇಳಿದರು ಅನ್ನೋಣ, ಆಗಲೂ ಅದರಿಂದ ಏನು ತಿಳಿದಂತಾಯಿತು? ಬೆಳ್ಳಗಿರುವುದರಲ್ಲಿ ಹಾಲೂ ಇರಬಹುದು, ಸುಣ್ಣದ ನೀರೂ ಇರಬಹುದು ಎಂದಾಯಿತು. ಎದುರಿಗಿರುವ ಲೋಟದಲ್ಲಿ ಏನಿದೆ ಎಂದು ತಿಳಿಯಲು ಮೂಸಿ ನೋಡಬೇಕು. ಚೀಟಿ ನೋಂದಣಿ ಆಗಿದೆಯೇ ಎಂದು ವಿಚಾರಿಸಬೇಕು, ಹಿಂದಿನ ಸದಸ್ಯರಿಗೆ ದುಡ್ಡು ಸರಿಯಾಗಿ ಸಿಕ್ಕಿತೇ ಎಂದು ಕೇಳಬೇಕು. ಆ ಕೆಲಸವನ್ನು ಗಾದೆ ಮಾಡಿಕೊಡುವುದಿಲ್ಲ. ಎಷ್ಟೋ ಸಲ, ಗಾದೆ ಹೇಳಿ ಮುಗಿಸಿದವರಿಗೆ ಆ ಕೆಲಸ ಮಾಡಿಯೇ ಆಯಿತು ಅನ್ನಿಸಿಬಿಡುತ್ತದೆ. ಅಪಾಯ ಇರುವುದು ಅಲ್ಲಿ.

ಯಾವುದಾದರೂ ಒಂದು ಮನೆಯ ಪಡಸಾಲೆಗೆ ಹೋಗೋಣ. ಮಗಳಿಗೆ ಪುಣೆಯಲ್ಲಿ ಕೆಲಸ ಸಿಕ್ಕಿದೆ, ಕಳಿಸಬೇಕೋ ಬೇಡವೋ ಎಂಬ ಮಾತು ನಡೆದಿದೆ. ದೊಡ್ಡಪ್ಪ ‘ದೂರದ ಬೆಟ್ಟ ನುಣ್ಣಗೆ’ ಎನ್ನುತ್ತಾರೆ. ಸೋದರಮಾವ ‘ಗಾಳಿ ಬಂದಾಗ ತೂರಿಕೋಬೇಕು’ ಎನ್ನುತ್ತಾನೆ. ‘ಸಹವಾಸದಿಂದ ಸನ್ಯಾಸಿ ಕೆಟ್ಟ’ ಎಂದು ಅತ್ತೆ ಒಂದು ಎಸೆಯುತ್ತಾಳೆ. ಅದಕ್ಕೆ ಅಜ್ಜಿ, ‘ಹುಟ್ಟುಗುಣ ಸುಟ್ಟರೂ ಹೋಗಲ್ಲ, ನಮ್ಮ ಹುಡುಗಿ ನನಗೆ ಗೊತ್ತಿಲ್ಲವಾ’ ಎಂದು ಉತ್ತರ ಕೊಡುತ್ತಾಳೆ. ನಾಲ್ಕೂ ಒಳ್ಳೆಯ ಗಾದೆಗಳು, ನಾಲ್ಕೂ ಹಿರಿಯರ ಅನುಭವ. ಆದರೆ ಅಲ್ಲಿ ಕೂತವರಲ್ಲಿ ಒಬ್ಬರಾದರೂ ಗಾದೆ ಕೇಳಿ ಮನಸ್ಸು ಬದಲಿಸಿದ್ದುಂಟೇ? ದೊಡ್ಡಪ್ಪನಿಗೆ ಮೊದಲಿನಿಂದಲೂ ಕಳಿಸುವ ಮನಸ್ಸಿಲ್ಲ, ಮಾವನಿಗೆ ಮೊದಲಿನಿಂದಲೂ ಇದೆ. ತೀರ್ಮಾನ ಮೊದಲು ಆಗಿದೆ, ಅದಕ್ಕೆ ತಕ್ಕ ಗಾದೆ ಆಮೇಲೆ ಬಂದಿದೆ. ಹುಡುಗಿಯ ಸಂಬಳ ಎಷ್ಟು, ಅಲ್ಲಿ ಕೋಣೆ ಬಾಡಿಗೆ ಎಷ್ಟು, ರಾತ್ರಿ ಪಾಳಿ ಇದೆಯೇ, ಕಂಪನಿಯ ಬಸ್ಸು ಮನೆಯ ತನಕ ಬರುತ್ತದೆಯೇ, ಅವಳಿಗೆ ಹೋಗುವ ಆಸೆ ಇದೆಯೇ ಎಂಬ ಐದು ಪ್ರಶ್ನೆಗಳನ್ನು ಯಾರೂ ಕೇಳಲಿಲ್ಲ.

ಇದೇ ಸಂಗತಿಯನ್ನು ಹರ್ಬರ್ಟ್ ಸೈಮನ್ ಎಂಬ ಅಮೆರಿಕದ ವಿದ್ವಾಂಸ 1946ರಲ್ಲಿ ದೊಡ್ಡ ಕಚೇರಿಗಳಿಗೆ ಅನ್ವಯಿಸಿ ತೋರಿಸಿದ. ಆಗಿನ ಕಾಲಕ್ಕೆ ಆಡಳಿತಶಾಸ್ತ್ರದ ತತ್ವಗಳು ಎಂದು ಪುಸ್ತಕಗಳಲ್ಲಿ ಬರೆಯುತ್ತಿದ್ದ ಮಾತುಗಳೆಲ್ಲ ಗಾದೆಗಳ ಹಾಗೆ ಜೋಡಿ ಜೋಡಿಯಾಗಿವೆ, ಒಂದು ಹೇಳಿದ್ದಕ್ಕೆ ಇನ್ನೊಂದು ಉಲ್ಟಾ ಹೇಳುತ್ತದೆ, ಯಾವುದು ಎಲ್ಲಿ ಎಂದು ಹೇಳುವ ಮೂರನೆಯ ಮಾತೇ ಇಲ್ಲ ಎಂಬುದು ಅವನ ಆಕ್ಷೇಪ. ಲೇಖನದ ಹೆಸರೇ ‘ಆಡಳಿತದ ಗಾದೆಗಳು’ ಎಂದಿತ್ತು. ಮನುಷ್ಯರು ನಿಜವಾಗಿ ತೀರ್ಮಾನ ಹೇಗೆ ಮಾಡುತ್ತಾರೆ ಎಂಬುದನ್ನೇ ಜೀವನವಿಡೀ ಅಧ್ಯಯನ ಮಾಡಿದ ಅವನಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ಕಚೇರಿಗಳ ಸುತ್ತೋಲೆಗಳನ್ನು ಓದಿದ್ದರೆ ಇನ್ನೆರಡು ಲೇಖನ ಬರೆಯುತ್ತಿದ್ದನೇನೋ, ಅದಿರಲಿ.

ಜೋಡಿ ಗಾದೆಗಳ ಜಗಳ ಮೇಲ್ನೋಟಕ್ಕೇ ಕಾಣುತ್ತದೆ. ಒಳಗಿರುವ ಇನ್ನೊಂದು ಸಂಗತಿ ಪ್ರಾಸ. ‘ಕೈ ಕೆಸರಾದರೆ ಬಾಯಿ ಮೊಸರು’. ಕೆಸರು, ಮೊಸರು. ಕೈ ಮಣ್ಣಾದರೆ ಬಾಯಿಗೆ ಮೊಸರು ಎಂದು ಹೇಳಿ ನೋಡಿ. ಅರ್ಥ ಅದೇ, ಆದರೆ ಈಗ ಯಾರಾದರೂ ‘ಹೌದಾ? ಕೈ ಮಣ್ಣಾದವರಿಗೆಲ್ಲ ಮೊಸರು ಸಿಕ್ಕಿದೆಯಾ?’ ಎಂದು ಕೇಳಬಹುದು. ಪ್ರಾಸ ಇದ್ದಾಗ ಆ ಪ್ರಶ್ನೆ ಏಳುವುದಿಲ್ಲ. ಇದು ಬರೀ ಊಹೆಯಲ್ಲ. 2000ನೇ ಇಸವಿಯಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಷ್ಟಾಗಿ ಬಳಕೆಯಲ್ಲಿಲ್ಲದ ಪ್ರಾಸಬದ್ಧ ನಾಣ್ನುಡಿಗಳನ್ನು ಆರಿಸಿ, ಅದೇ ಅರ್ಥ ಉಳಿಸಿ ಪ್ರಾಸ ಮಾತ್ರ ಮುರಿದು ಎರಡು ರೂಪ ಮಾಡಿದರು. ಪ್ರಾಸವಿದ್ದ ರೂಪವನ್ನು ಓದಿದವರು ಅದು ಹೆಚ್ಚು ನಿಜ ಎಂದರು. ಪ್ರಾಸದಿಂದ ಹಾಗೆ ಅನ್ನಿಸುತ್ತಿದೆಯೇ ಎಂದರೆ ಇಲ್ಲ ಎನ್ನುತ್ತಿದ್ದರು. ಮಾತಿನ ಚಂದವನ್ನು ಬೇರೆ ಇಟ್ಟು ಅರ್ಥವನ್ನಷ್ಟೇ ತೂಗಿ ನೋಡಿ ಎಂದು ಮೊದಲೇ ಎಚ್ಚರಿಸಿದಾಗ ಆ ವ್ಯತ್ಯಾಸ ಇಳಿದುಹೋಯಿತು. ಈ ಭಾಷಣದ ಹೆಸರಿನಲ್ಲೂ ಒಂದು ಪ್ರಾಸ ಇದೆ, ನೀವು ಗಮನಿಸಿರಬಹುದು. ಎಚ್ಚರದಿಂದಿರಿ.

ಪ್ರಾಸದ ಈ ಮಾತನ್ನು ಹಿಡಿದುಕೊಂಡು ನಾವೀಗ ಹೊಲಕ್ಕೆ ಹೋಗಬೇಕು. ಕನ್ನಡದಲ್ಲಿ ದಿನನಿತ್ಯದ ತೀರ್ಮಾನಕ್ಕೆಂದೇ ಹುಟ್ಟಿದ ಗಾದೆಗಳು ಯಾವುವಾದರೂ ಇದ್ದರೆ ಅವು ಮಳೆಯ ಗಾದೆಗಳು. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ. ಆರಿದ್ರಾ ಮಳೆ ಹೊಯ್ದರೆ ದಾರಿದ್ರ್ಯವಿಲ್ಲ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು. ಊರಿಂದೂರಿಗೆ ಒಂದೆರಡು ಪದ ಅತ್ತಿತ್ತ ಆಗುತ್ತವೆ, ಸಾರ ಇದೇ. ಅಕ್ಷರ ಬಾರದ ಕಾಲದಲ್ಲಿ ವರ್ಷದ ಮಳೆಗಾಲವನ್ನು 13–14 ದಿನಗಳ ತುಂಡುಗಳಾಗಿ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ನಕ್ಷತ್ರದ ಹೆಸರಿಟ್ಟು, ಇಡೀ ಪಂಚಾಂಗವನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಜಾಣತನಕ್ಕೆ ತಲೆಬಾಗಲೇಬೇಕು. ಇವತ್ತಿಗೂ ರೈತರು ‘ಮೃಗಶಿರದಲ್ಲಿ ಬಿತ್ತಿದೆ’ ಎಂದರೆ ಜೂನ್ ಎರಡನೇ ವಾರದ ಆಸುಪಾಸು ಎಂದು ಕೇಳಿದವರಿಗೆ ಗೊತ್ತಾಗುತ್ತದೆ. ಹೆಸರು ಹೇಳಲು, ನೆನಪಿಡಲು ಇದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ.

ಆದರೆ ಗಾದೆ ಹೆಸರಿಗೆ ನಿಲ್ಲುವುದಿಲ್ಲ, ಫಲವನ್ನೂ ಹೇಳುತ್ತದೆ. ಆ ಫಲ ಎಲ್ಲಿಂದ ಬಂತು? ಭರಣಿಗೆ ಧರಣಿ, ರೋಹಿಣಿಗೆ ಓಣಿ, ಆರಿದ್ರಾಕ್ಕೆ ದಾರಿದ್ರ್ಯ. ವಿಶಾಖ ಮಳೆ ಪಿಶಾಚಿ ಇದ್ದಂತೆ ಎಂಬ ಮಾತೂ ಇದೆ. ನನಗೊಂದು ಗುಮಾನಿ. ರೋಹಿಣಿ ಮಳೆಯಿಂದ ಜೋಳ ಚೆನ್ನಾಗಿ ಬಂದದ್ದನ್ನು ನೂರು ವರ್ಷ ನೋಡಿ ಈ ಗಾದೆ ಕಟ್ಟಿದರೋ, ರೋಹಿಣಿಗೆ ಓಣಿ ಒದಗಿ ಬಂತೆಂದು ಜೋಳವನ್ನು ಓಣಿಗೆ ತಂದು ಸುರಿದರೋ? ಎರಡೂ ಸೇರಿಕೊಂಡಿರಬಹುದು. ಎಷ್ಟು ಪಾಲು ಅನುಭವ, ಎಷ್ಟು ಪಾಲು ಪ್ರಾಸ ಎಂದು ಈಗ ಬೇರ್ಪಡಿಸಲಾಗದು. ರೋಹಿಣಿ ಸುರಿದೂ ಜೋಳ ಕೈಕೊಟ್ಟ ವರ್ಷಗಳನ್ನು ಗಾದೆ ಲೆಕ್ಕಕ್ಕೆ ಹಿಡಿದಿಲ್ಲ. ಹವಾಮಾನ ಇಲಾಖೆಯ ಮುನ್ಸೂಚನೆಯೂ ತಪ್ಪುತ್ತದೆ, ಬೈಸಿಕೊಳ್ಳುತ್ತದೆ. ಆದರೆ ಎಷ್ಟು ಸಲ ತಪ್ಪಿತು ಎಂಬುದನ್ನು ನಾಳೆಯೇ ಎಣಿಸಬಹುದು. ಗಾದೆಗೆ ಅಂಥ ಲೆಕ್ಕದ ಪುಸ್ತಕವಿಲ್ಲ, ಹೀಗಾಗಿ ಅದು ಸೋಲುವುದೇ ಇಲ್ಲ.

ರೋಹಿಣಿಯ ಗಾದೆಯನ್ನೇ ವಿಜಯಪುರದ ಎರೆ ಭೂಮಿಗೆ ಒಯ್ಯಿರಿ. ಅಲ್ಲಿಯ ಬಿಳಿಜೋಳ ಹಿಂಗಾರಿಯದು. ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ, ಅಂದರೆ ಉತ್ತರೆ, ಹಸ್ತ ಮಳೆಗಳ ಹದದಲ್ಲಿ ಕೂರಿಗೆ ಹೂಡಿ, ಆಮೇಲೆ ನೆಲ ಹಿಡಿದಿಟ್ಟುಕೊಂಡ ತೇವದಲ್ಲೇ ಬೆಳೆಯುವ ಮಾಲ್ದಂಡಿಯಂಥ ತಳಿ. ಮೇ ಕೊನೆಯಲ್ಲಿ ಬರುವ ರೋಹಿಣಿ ಮಳೆಗೂ ಆ ಬಿತ್ತನೆಗೂ ನಡುವೆ ಮೂರೂವರೆ ತಿಂಗಳಿಗಿಂತ ಹೆಚ್ಚಿನ ಅಂತರ ಇದೆ. ಗಾದೆ ಸುಳ್ಳಲ್ಲ, ಅದು ಮುಂಗಾರಿ ಜೋಳದ ಊರಿನಲ್ಲಿ ಹುಟ್ಟಿದ್ದು. ಆದರೆ ತನ್ನ ಊರು ಯಾವುದು, ತನ್ನ ಜೋಳ ಯಾವುದು ಎಂದು ಗಾದೆ ಹೇಳಿಕೊಳ್ಳುವುದಿಲ್ಲ. ಎಲ್ಲ ಊರಿನಲ್ಲೂ ಅದೇ ಗತ್ತಿನಲ್ಲಿ ಮಾತಾಡುತ್ತದೆ.

ಬೀಜ ಬದಲಾದದ್ದೂ ಗಾದೆಗೆ ಗೊತ್ತಿಲ್ಲ. ಹಳೆಯ ಎತ್ತರದ ಮುಂಗಾರಿ ಜೋಳ ಹಗಲು ಕಿರಿದಾಗುತ್ತ ಬಂದಾಗ ಹೂಬಿಡುವ ಸ್ವಭಾವದ್ದು. ಸ್ವಲ್ಪ ಹಿಂದೆ ಮುಂದೆ ಬಿತ್ತಿದರೂ ಮಳೆಗಾಲ ಹಿಂದೆ ಸರಿಯುವ ಹೊತ್ತಿಗೇ ತೆನೆ ಕಾಳುಗಟ್ಟುತ್ತಿತ್ತು. ಅಂಥ ಬೆಳೆಗೆ ಆಗಸ್ಟ್, ಸೆಪ್ಟೆಂಬರಿನ ಮಳೆಗಳು ಬಂದಷ್ಟೂ ಒಳ್ಳೆಯದೇ. 1964ರಲ್ಲಿ ಸಿಎಸ್‌ಎಚ್-1 ಎಂಬ ಹೆಸರಿನ ಹೈಬ್ರಿಡ್ ಜೋಳ ದೇಶದಲ್ಲಿ ಬಿಡುಗಡೆಯಾಯಿತು, ಅದರ ಹಿಂದೆ ಬೇರೆ ಬೇರೆ ತಳಿಗಳು ಬಂದವು. ಗಿಡ್ಡ ಗಿಡ, ನೂರು ದಿನದ ಆಸುಪಾಸಿನ ಬೆಳೆ, ಇಳುವರಿ ಜಾಸ್ತಿ. ಜೂನ್ ನಡುವಿನಲ್ಲಿ ಬಿತ್ತಿದರೆ ಸೆಪ್ಟೆಂಬರ್ ಕೊನೆಗೆ, ಇನ್ನೂ ಮಳೆ ನಿಲ್ಲದಿರುವಾಗಲೇ ಕೊಯ್ಲಿಗೆ ಬರುತ್ತದೆ. ಆಗ ಬಿದ್ದ ಮಳೆಗೆ ತೆನೆಯಲ್ಲೇ ಕಾಳು ಬೂಷ್ಟು ಹಿಡಿದು ಕಪ್ಪಾಗುತ್ತದೆ, ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಅಜ್ಜನ ಜೋಳಕ್ಕೆ ಊಟವಾಗಿದ್ದ ಮಳೆಯೇ ಮೊಮ್ಮಗನ ಜೋಳವನ್ನು ಕೆಡಿಸಿತು. ಆಕಾಶ ಅದೇ, ಹೊಲ ಅದೇ, ಗಾದೆಯೂ ಅದೇ. ಬದಲಾದದ್ದು ಚೀಲದಲ್ಲಿದ್ದ ಬಿತ್ತನೆ ಬೀಜ.

ಆಕಾಶ ಅದೇ ಎಂದೆನಲ್ಲ, ಅದೂ ಪೂರಾ ನಿಜವಲ್ಲ. ನಮ್ಮ ಮಳೆ ನಕ್ಷತ್ರಗಳ ಲೆಕ್ಕ ಸೂರ್ಯ ನಕ್ಷತ್ರಗಳ ನಡುವೆ ಎಲ್ಲಿದ್ದಾನೆ ಎಂಬುದರ ಮೇಲೆ ನಿಂತಿದೆ. ಋತುಗಳು ನಡೆಯುವುದಾದರೋ ಭೂಮಿಯ ಓರೆಯನ್ನು ಅನುಸರಿಸಿ. ಈ ಎರಡು ವರ್ಷಗಳು ಸರಿಸಮ ಅಲ್ಲ. ನಕ್ಷತ್ರದ ವರ್ಷ ಋತುವಿನ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದ. 20 ನಿಮಿಷ ಏನು ಮಹಾ ಎನ್ನಬೇಡಿ. 72 ವರ್ಷಕ್ಕೆ ಹೆಚ್ಚುಕಡಿಮೆ ಒಂದು ದಿನ ಆಗುತ್ತದೆ. ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12ರಂದು, ಅವತ್ತು ಮಕರ ಸಂಕ್ರಾಂತಿ. ಈಗ ಸಂಕ್ರಾಂತಿ 14ಕ್ಕೋ 15ಕ್ಕೋ ಬರುತ್ತದೆ. ಅದೇ ಲೆಕ್ಕದಲ್ಲಿ, 500 ವರ್ಷದ ಹಿಂದಿನ ರೋಹಿಣಿ ಮಳೆ ಇವತ್ತಿನ ರೋಹಿಣಿಗಿಂತ ಋತುವಿನಲ್ಲಿ ಸುಮಾರು ಒಂದು ವಾರ ಮುಂಚೆ ಶುರುವಾಗಿ ಮುಂಚೆ ಮುಗಿಯುತ್ತಿತ್ತು. ಸುಮಾರು 950 ವರ್ಷವಾದರೆ ಒಂದು ಇಡೀ ನಕ್ಷತ್ರದಷ್ಟು ಪಲ್ಲಟ. ಗಾದೆ ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿಲ್ಲ. ಅದು ಎಷ್ಟು ಹಳೆಯದೋ ಅಷ್ಟು ಪೂಜ್ಯ ಎಂದು ನಾವು ತಿಳಿದಿದ್ದೇವೆ, ಮಳೆಯ ವಿಷಯದಲ್ಲಿ ಮಾತ್ರ ಅದು ಎಷ್ಟು ಹಳೆಯದೋ ಅಷ್ಟು ದಿನ ಸರಿದಿರುತ್ತದೆ. ಕೇರಳಕ್ಕೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 1, ಅಂದರೆ ಈಗಿನ ರೋಹಿಣಿಯ ಆಸುಪಾಸಿನಲ್ಲೇ. ಬಿತ್ತನೆಯಲ್ಲಿ ಒಂದು ವಾರ ಎಂದರೆ ಏನು ಎಂದು ರೈತರಿಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಏನು ಮಾಡುವುದು? ಕೃಷಿ ಹವಾಮಾನ ವರದಿ ಮಂಗಳವಾರ, ಶುಕ್ರವಾರ ಬರುತ್ತದೆ. ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಅವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಾತಾಡುತ್ತಾರೆ. ಅದೆಲ್ಲ ಕೇಳಿ. ಆಮೇಲೆ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ಹದ ನೋಡಿ. ಅನುಭವಸ್ಥ ಒಕ್ಕಲಿಗ ಬಾಯಲ್ಲಿ ಗಾದೆ ಹೇಳುತ್ತಿದ್ದರೂ ಕೈಯಲ್ಲಿ ಮಾಡುವುದು ಇದನ್ನೇ. ಗಾದೆಯನ್ನು ನಂಬಿ ಬಿತ್ತಿದ ಎಂದು ನಾವು ಪೇಟೆಯವರು ಅಂದುಕೊಳ್ಳುತ್ತೇವೆ.

ಪಡಸಾಲೆಯ ಸೋದರಮಾವ ಹೇಳಿದ ‘ಗಾಳಿ ಬಂದಾಗ ತೂರಿಕೋ’ ಎಂಬುದು ಕಣದ ಗಾದೆ. ಕಣದಲ್ಲಿ ಅದು ನೂರಕ್ಕೆ ನೂರು ನಿಜ. ಗಾಳಿ ನಿಂತ ಮೇಲೆ ಮೊರ ಎತ್ತಿ ಪ್ರಯೋಜನವಿಲ್ಲ. ಈಗ ಅದನ್ನು ಕೋಲಾರದ ಎಪಿಎಂಸಿಗೆ ತನ್ನಿ. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಏರಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿತ್ತು. ಬಂತು ಗಾಳಿ ಎಂದು ಎಷ್ಟೋ ಕಡೆ ಸಸಿ ನೆಟ್ಟರು. ಆ ಗಿಡಗಳು ಕಾಯಿ ಬಿಡುವ ಹೊತ್ತಿಗೆ ಬೆಲೆ ನೆಲಕಚ್ಚಿತ್ತು. ಕಣಕ್ಕೂ ಮಾರುಕಟ್ಟೆಗೂ ಇರುವ ವ್ಯತ್ಯಾಸವೇ ಅದು. ಪಕ್ಕದ ಕಣದವನು ತೂರಿದರೆ ನನ್ನ ಪಾಲಿನ ಗಾಳಿ ಕಡಿಮೆಯಾಗುವುದಿಲ್ಲ. ಪಕ್ಕದ ಹೊಲದವನೂ ಟೊಮೆಟೊ ಹಾಕಿದರೆ ನನ್ನ ಬೆಲೆ ಇಳಿಯುತ್ತದೆ. ಎಲ್ಲರೂ ಒಂದೇ ಗಾದೆ ಕೇಳಿ ಒಂದೇ ಕೆಲಸ ಮಾಡಿದರೆ ಆ ಗಾದೆಯೇ ಗಾಳಿಯನ್ನು ನಿಲ್ಲಿಸುತ್ತದೆ. ಇದಕ್ಕೆ ಎದುರಾಗಿ ‘ತಾಳಿದವನು ಬಾಳಿಯಾನು’ ಎನ್ನುವವರಿಗೂ ಟೊಮೆಟೊ ಉತ್ತರ ಕೊಡುತ್ತದೆ, ನಾಲ್ಕೇ ದಿನದಲ್ಲಿ ಕೊಳೆತು. ಆ ಮಾತು ರಾಗಿಗೆ ಒಪ್ಪುತ್ತದೆ. ಹಗೇವಿಗೆ ಸುರಿದ ರಾಗಿ ವರ್ಷಗಟ್ಟಲೆ ತಾಳುತ್ತಿತ್ತು, ಬೆಳೆದವನೂ ಬೆಲೆ ಬರುವ ತನಕ ತಾಳಬಹುದಿತ್ತು. ರಾಗಿ ಬೆಳೆಯುವ ಸೀಮೆಯವರ ಸಮಾಧಾನದ ಗುಟ್ಟು ಸ್ವಲ್ಪ ಮಟ್ಟಿಗೆ ರಾಗಿಯಲ್ಲೇ ಇರಬಹುದು. ಇದು ನನ್ನ ತಮಾಷೆ, ಸಿದ್ಧಾಂತವಲ್ಲ.

ಆರೋಗ್ಯದ ವಿಷಯಕ್ಕೆ ಬಂದರೆ ತಮಾಷೆ ನಿಲ್ಲುತ್ತದೆ. ‘ಲಂಘನಂ ಪರಮೌಷಧಂ’ ಎಂಬ ಸಂಸ್ಕೃತದ ಮಾತನ್ನು ನಮ್ಮ ಹಳ್ಳಿಗಳಲ್ಲೂ ಹೇಳುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಹೋಳಿಗೆ ಹೆಚ್ಚಿಗೆ ತಿಂದ ದೊಡ್ಡವರಿಗೆ ಒಂದು ಹೊತ್ತಿನ ಉಪವಾಸ ಒಳ್ಳೆಯದೇ. ಆದರೆ ಅದೇ ಮಾತು ಭೇದಿ ಹತ್ತಿದ ಒಂದು ವರ್ಷದ ಕೂಸಿನ ತೊಟ್ಟಿಲ ಬಳಿ ಬಂದಾಗ? ಹೊಟ್ಟೆಗೆ ಏನೂ ಕೊಡಬೇಡಿ, ನೀರು ಕೊಟ್ಟಷ್ಟೂ ಭೇದಿ ಹೆಚ್ಚುತ್ತದೆ ಎಂದು ಹಿರಿಯರು ತಡೆದ ಮನೆಗಳು ಎಷ್ಟೋ. ಕೂಸಿನ ಜೀವಕ್ಕೆ ಅಪಾಯ ತರುವುದು ಭೇದಿಯಲ್ಲಿ ಹೊರಟುಹೋಗುವ ನೀರು ಮತ್ತು ಉಪ್ಪು. ಅದನ್ನು ಬಾಯಿಯ ಮೂಲಕವೇ ತುಂಬಿಸಿಕೊಡಬಹುದು ಎಂಬುದನ್ನು ಯುದ್ಧದ ನಡುವೆ ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ವೈದ್ಯ ದಿಲೀಪ್ ಮಹಾಲನಬಿಸ್. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವ್‌ನಲ್ಲಿ ತುಂಬಿ ತುಳುಕುತ್ತಿದ್ದಾಗ ಕಾಲರಾ ಎದ್ದಿತು. ರಕ್ತನಾಳಕ್ಕೆ ಹನಿಸುವ ದ್ರಾವಣ ಮುಗಿಯುತ್ತ ಬಂದಿತ್ತು. ಅವರು ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಕರುಳಿನ ಗೋಡೆಯಲ್ಲಿ ಸಕ್ಕರೆ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಅದರ ಹಿಂದೆ ನೀರು ಹೋಗುತ್ತದೆ. ಬರೀ ನೀರಿನಿಂದ ಆಗದ ಕೆಲಸ ಈ ಮೂರರ ಹದವಾದ ಬೆರಕೆಯಿಂದ ಆಗುತ್ತದೆ.

ಇವತ್ತು ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯ ಚೀಲದಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣ ಇದೇ ತತ್ವದ್ದು. ದೊಡ್ಡ ಪೊಟ್ಟಣವಾದರೆ ಒಂದು ಲೀಟರ್ ಶುದ್ಧ ನೀರಿಗೆ ಪೂರ್ತಿ ಹಾಕಬೇಕು. ಅರ್ಧ ಹಾಕಿ ಅರ್ಧ ಉಳಿಸುವುದು, ಲೋಟದ ನೀರಿಗೆ ಸುರಿಯುವುದು ತಪ್ಪು. ಚಮಚದಲ್ಲಿ ನಿಧಾನವಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ತಿನ್ನುವ ಮಗುವಿಗೆ ಊಟ ನಿಲ್ಲಿಸಬಾರದು. ಮಗು ಮಂಕಾಗಿದ್ದರೆ, ಕುಡಿದದ್ದೆಲ್ಲ ಕಕ್ಕುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಸುತ್ತಿದ್ದ ನಮ್ಮ ಅಜ್ಜಿಯರು ಈ ದಾರಿಯ ಹತ್ತಿರವೇ ಇದ್ದರು ಎಂಬುದನ್ನೂ ಹೇಳಬೇಕು. ಅವರ ಕೈಯಲ್ಲಿದ್ದ ತಿಳಿವಳಿಕೆ ಅವರ ಬಾಯಲ್ಲಿದ್ದ ಗಾದೆಗಿಂತ ದೊಡ್ಡದಾಗಿತ್ತು.

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆಯೂ ಇಂಥದೇ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಅಂಗೈ ಮೇಲೆ ಏಳುವುದಿಲ್ಲ. 140–90 ದಾಟಿದ ಒತ್ತಡ ಹೊತ್ತುಕೊಂಡು ಮನುಷ್ಯ ವರ್ಷಗಟ್ಟಲೆ ಆರಾಮಾಗಿ ಓಡಾಡುತ್ತಾನೆ. ‘ನನಗೇನಾಗಿದೆ, ಕಲ್ಲಿನ ಹಾಗಿದ್ದೇನೆ’ ಎನ್ನುವವರಿಗೇ ಕನ್ನಡಿ ಬೇಕು. 30 ದಾಟಿದವರನ್ನೆಲ್ಲ ತಪಾಸಣೆ ಮಾಡಬೇಕೆಂದು ಸರ್ಕಾರಿ ಕಾರ್ಯಕ್ರಮ ಇರುವುದು ಅದಕ್ಕೇ.

ಹಾಗೆಂದು ಗಾದೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ ಎನ್ನುತ್ತಿಲ್ಲ. ಸೋತು ಕೂತವನಿಗೆ ಸಮಾಧಾನ ಹೇಳಲು, ಬೀಗುವವನ ಗಾಳಿ ತೆಗೆಯಲು, ಹದಿನೈದು ನಿಮಿಷದ ಉಪದೇಶವನ್ನು ನಾಲ್ಕು ಪದದಲ್ಲಿ ಮುಗಿಸಲು ಅವಕ್ಕೆ ಸಾಟಿಯಿಲ್ಲ. ರೇಡಿಯೊ ಭಾಷಣ ಮಾಡುವವರು ಈ ಕೊನೆಯ ಗುಣವನ್ನು ಕಲಿಯಬೇಕು, ನನ್ನನ್ನೂ ಸೇರಿಸಿ.

ಒಂದು ಗಾದೆಯ ವಿಷಯದಲ್ಲಿ ಮಾತ್ರ ನನಗೆ ಈ ಉದಾರತೆ ಇಲ್ಲ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’. ಇಲ್ಲೂ ಪ್ರಾಸ ಕೆಲಸ ಮಾಡಿದೆ ನೋಡಿ, ಗಂಡನಿಗೆ ಹೊಂದಿಕೆಯಾಗಿ ಉಂಡು ಬಂದಿದೆ. ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು, ತವರಿಗೆ ಯಾವಾಗ ಹೋಗಬೇಕೆಂದು ನಡೆಯುವ ಮುನಿಸಿಗೆ ಈ ಗಾದೆ ಸರಿ. ಅಂಥ ಜಗಳಕ್ಕೆ ಮೂರನೆಯವರು ಹೋಗದಿರುವುದೇ ಮರ್ಯಾದೆ. ಆದರೆ ಗೋಡೆಯ ಆಚೆಯಿಂದ ಏಟಿನ ಸದ್ದು ಕೇಳಿಸುವಾಗ, ಹೆಂಗಸಿನ ಕೂಗು ಕೇಳಿಸುವಾಗ ಈಚೆ ಮನೆಯವರು ಟಿವಿಯ ದನಿ ಸ್ವಲ್ಪ ಏರಿಸಿ ಇದೇ ಗಾದೆ ಹೇಳಿಕೊಳ್ಳುತ್ತಾರಲ್ಲ, ಅಲ್ಲಿ ಅದು ಒಂದು ತೀರ್ಮಾನ. ಏನೂ ಮಾಡದಿರುವ ತೀರ್ಮಾನ. ಅದರಲ್ಲೂ ಯಾರು ಉಂಡರು, ಯಾರು ಉಣ್ಣದೆ ಮಲಗಿದರು ಎಂದು ಗಾದೆ ವಿಚಾರಿಸುವುದಿಲ್ಲ. ಈ ಮಾತನ್ನು ಏಟು ತಿಂದವಳು ಕಟ್ಟಿರಲಾರಳು ಎಂದು ನನ್ನ ಊಹೆ. ಅದು ಪಕ್ಕದ ಮನೆಯ ಜಗಲಿಯಲ್ಲಿ ಹುಟ್ಟಿದ ಮಾತು, ಜಗಲಿಯವರಿಗೆ ನೆಮ್ಮದಿ ಕೊಡುವ ಮಾತು.

ನಾವೇಕೆ ನಡುವೆ ಹೋಗಬೇಕು, ಆಮೇಲೆ ನಮ್ಮ ಮೇಲೇ ಕೇಸು ಬಿದ್ದರೆ ಎಂಬ ಭಯ ನಿಜವಾದದ್ದು, ಅದನ್ನು ಹಗುರ ಮಾಡಬಾರದು. ಕಾನೂನು ಮಾಡಿದವರಿಗೂ ಅದು ಗೊತ್ತಿತ್ತು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಾಲ್ಕನೆಯ ಕಲಮಿನಲ್ಲಿ, ಹಿಂಸೆ ನಡೆದಿದೆ, ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ಸಂರಕ್ಷಣಾಧಿಕಾರಿಗೆ ತಿಳಿಸಬಹುದು ಎಂದಿದೆ. ಒಳ್ಳೆಯ ಮನಸ್ಸಿನಿಂದ ಹಾಗೆ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯೂ ಬರುವುದಿಲ್ಲ ಎಂದೂ ಅಲ್ಲೇ ಬರೆದಿದೆ. ನೆಂಟರೇ ಆಗಬೇಕಿಲ್ಲ, ಅವಳ ಕಡೆಯವರೇ ಆಗಬೇಕಿಲ್ಲ. ಪಕ್ಕದ ಮನೆಯವರಾದರೂ ಸಾಕು. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡುತ್ತಿದ್ದ ಮನೆಯಲ್ಲಿ ವಾಸಿಸುವ ಹಕ್ಕು ಅವಳಿಗಿದೆ ಎನ್ನುವುದು ಹದಿನೇಳನೆಯ ಕಲಮು. ‘ಜಗಳ ಆದರೆ ಅವಳು ಎಲ್ಲಿಗೆ ಹೋಗಬೇಕು’ ಎಂದು ಮರುಗುವವರು ಇದನ್ನು ತಿಳಿದಿರಬೇಕು.

ಕಾನೂನಿನ ಬಾಗಿಲಿಗೆ ಹೋಗುವ ಮೊದಲು ಪಕ್ಕದ ಮನೆಯ ಬಾಗಿಲಿದೆ. 2008ರಲ್ಲಿ ಬ್ರೇಕ್‌ಥ್ರೂ ಎಂಬ ಸಂಸ್ಥೆ ‘ಬೆಲ್ ಬಜಾವೋ’ ಎಂಬ ಪ್ರಚಾರ ನಡೆಸಿತು. ಅದರ ಜಾಹೀರಾತುಗಳಲ್ಲಿ ಉಪದೇಶ ಇರಲಿಲ್ಲ, ಹೊಡೆದಾಟವನ್ನು ತೋರಿಸಲೂ ಇಲ್ಲ. ಪಕ್ಕದ ಮನೆಯ ಗದ್ದಲ ಕೇಳಿ ಒಬ್ಬ ಗಂಡಸು ಎದ್ದು ಹೋಗಿ ಕರೆಗಂಟೆ ಒತ್ತುತ್ತಾನೆ. ಬಾಗಿಲು ತೆರೆದಾಗ ಸ್ವಲ್ಪ ಹಾಲು ಸಿಗುತ್ತದೆಯೇ ಎಂದು ಕೇಳುತ್ತಾನೆ. ಇನ್ನೊಂದರಲ್ಲಿ ಹುಡುಗರು ಚೆಂಡು ಕೇಳುವ ನೆಪದಲ್ಲಿ ಹೋಗುತ್ತಾರೆ. ಹೊಡೆಯುತ್ತಿದ್ದವನಿಗೆ, ಹೊರಗೆ ಕೇಳಿಸುತ್ತಿದೆ ಎಂಬುದು ಗೊತ್ತಾಗುತ್ತದೆ. ಅಷ್ಟರಿಂದ ಸಂಸಾರ ಸರಿಹೋಗುವುದಿಲ್ಲ, ಆ ಹೊತ್ತಿನ ಏಟು ನಿಲ್ಲಬಹುದು. ಒಬ್ಬರೇ ಹೋಗಲು ಅಂಜಿಕೆಯಾದರೆ ಇನ್ನೊಬ್ಬರನ್ನು ಕರೆದುಕೊಳ್ಳಿ. ಮಾರನೆಯ ದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳನ್ನು ಮಾತಾಡಿಸಿ, ಏನು ಬೇಕೆಂದು ಅವಳನ್ನೇ ಕೇಳಿ. ಮಹಿಳಾ ಸಹಾಯವಾಣಿ 181, ತುರ್ತಾಗಿ ಪೊಲೀಸರು ಬೇಕಾದರೆ 112. ಅವಳ ಮೊಬೈಲಿನಲ್ಲಿ ಆ ಹೆಸರಿನಿಂದ ನಂಬರು ಉಳಿಸಿದರೆ ಗಂಡನ ಕಣ್ಣಿಗೆ ಬೀಳಬಹುದು. ಬಾಯಿಪಾಠ ಮಾಡಿಸಿ, ಮೂರೇ ಅಂಕಿ.